ನಿತ್ಯ ಹಾಡು ಕೇಳಲು ಕೊಳ್ಳುವ ಪ್ಲೇಯರನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಫೋನಿನಲ್ಲಿ ಹಾಡು ಕೇಳುವಾಗ ನಡುನಡುವೆ ಬರುವ ಕರೆಗಳಿಂದ ಬೇಸತ್ತು, ಪ್ರತ್ಯೇಕವಾದ ಪುಟ್ಟ ಡಿಜಿಟಲ್ ಪ್ಲೇಯರೊಂದನ್ನು ಕೊಳ್ಳಬೇಕೆಂದಿದ್ದೇನೆ. ಪೆಟ್ಟಿಗೆಯ ಮೇಲಿನ 24 ಬಿಟ್ (ಧ್ವನಿಯ ಪ್ರತಿ ಮಾದರಿಯ ಸೂಕ್ಷ್ಮತೆ), 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಮಾದರಿಗಳು) ಎಂಬ ಅಂಕಿಗಳಿಗೆ ಎಷ್ಟು ಬೆಲೆ ಕೊಡಬೇಕು?

ಉತ್ತರ 1: ಹೆಚ್ಚೇನೂ ಬೇಡ. ಸಿಡಿಯ ಗುಣಮಟ್ಟವೇ 16 ಬಿಟ್, 44.1 ಕಿಲೋಹರ್ಟ್ಸ್, ಮನುಷ್ಯನ ಕಿವಿಗೆ ಕೇಳಿಸುವ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಧ್ವನಿಯೆಲ್ಲ ಅದರಲ್ಲೇ ಅಡಕವಾಗುತ್ತದೆ. ಅಂಕಿಗಳನ್ನು ಓದುವ ಬದಲು ನಿಮ್ಮದೇ ಇಯರ್‌ಫೋನನ್ನು ಸಿಕ್ಕಿಸಿ, ಒಂದೇ ವಾದ್ಯ ಮೆಲ್ಲಗೆ ನುಡಿಯುವ ಭಾಗವನ್ನು ಸಣ್ಣ ದನಿಯಲ್ಲಿಟ್ಟು ಕೇಳಿ. ಸ್ವರಗಳ ನಡುವಿನ ಮೌನದಲ್ಲಿ 'ಸ್ಸ್' ಎಂಬ ಸದ್ದು ಕೇಳಿಸಿದರೆ, ಉಳಿದೆಲ್ಲ ಚೆನ್ನಾಗಿದ್ದರೂ ಅದು ನಿಮ್ಮ ಇಯರ್‌ಫೋನಿಗೆ ಹೊಂದುವ ಪ್ಲೇಯರಲ್ಲ.

ಉತ್ತರ 2: ಗುಂಡಿಗಳನ್ನೂ ನೋಡಿ. ನನ್ನ ಹಳೆಯ ಪ್ಲೇಯರಿನಲ್ಲಿ ಎಲ್ಲವೂ ಟಚ್ ಪರದೆಯ ಮೇಲೇ ಇದ್ದುದರಿಂದ, ಒಂದು ಹಾಡು ದಾಟಿಸಲೂ ಅದನ್ನು ಜೇಬಿನಿಂದ ಹೊರತೆಗೆಯಬೇಕಾಗುತ್ತಿತ್ತು.

ಉತ್ತರ 3: ಮೆಮೊರಿ ಕಾರ್ಡ್ ಹಾಕಲು ಜಾಗವಿರಲಿ. 320 ಕೆಬಿಪಿಎಸ್‌ನ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3ಯಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 144 ಎಂಬಿ ಸಾಕು. ಗುಣಮಟ್ಟ ಕಳೆಯದಂತೆ ಕುಗ್ಗಿಸಿದ ಫ್ಲಾಕ್ ಕಡತಗಳಾದರೆ ಅದರ ಎರಡು ಪಟ್ಟಿಗೂ ಹೆಚ್ಚು ಬೇಕಾಗಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ನನ್ನ ಇಯರ್‌ಫೋನನ್ನು ಜೊತೆಗೇ ಒಯ್ಯುತ್ತೇನೆ.