ಬಸುರಿಯರ ಉರಿಮೂತ್ರ: ಬರೀ ಉಷ್ಣ ಅಂತ ಬಿಡಬಹುದಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ: ನನಗೀಗ ಐದು ತಿಂಗಳು. ಮೂತ್ರಕ್ಕೆ ಹೋದರೆ ಉರಿ, ಬಂದು ಕೂತ ತಕ್ಷಣ ಮತ್ತೆ ಹೋಗಬೇಕು ಅನಿಸುತ್ತದೆ. ಅತ್ತೆ ಉಷ್ಣ ಅಂತ ಕೊತ್ತಂಬರಿ ಬೀಜದ ನೀರು ಕೊಡುತ್ತಿದ್ದಾರೆ. ಮಾತ್ರೆ ತಗೊಂಡರೆ ಮಗುವಿಗೆ ತೊಂದರೆ ಆಗುತ್ತಾ? ಅನುಭವ ಇದ್ದವರು ಹೇಳಿ.

ಸಾಗರ: ಕೊತ್ತಂಬರಿ ನೀರು ಕುಡಿಯಿರಿ, ಅತ್ತೆಗೆ ಬೇಜಾರು ಮಾಡಬೇಡಿ. ಆದರೆ ಸೋಂಕಿದ್ದರೆ ಅದರಿಂದ ಹೋಗಲ್ಲ. ಡಾಕ್ಟರ ಹತ್ತಿರ ಹೋಗಿ ಯೂರಿನ್ ಕಲ್ಚರ್ ಬರೆಸಿಕೊಳ್ಳಿ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಅನ್ನೋದು ಅದರಲ್ಲೇ ಗೊತ್ತಾಗುವುದು. ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ. ನಮ್ಮ ಲ್ಯಾಬಿನವರು ಡಬ್ಬಿ ಕೈಗಿಟ್ಟು ಸುಮ್ನೆ ಬಚ್ಚಲ ಕಡೆ ಕೈ ತೋರಿಸಿದರು. ಹಿಡಿಯುವ ಕ್ರಮ ಹೇಳಿದ್ದು ಅಲ್ಲೇ ಕೂತಿದ್ದ ಇನ್ನೊಬ್ಬ ಬಸುರಿ! ಮೊದಲು ನೀರಲ್ಲಿ ತೊಳೆದುಕೊಳ್ಳಬೇಕು, ಶುರುವಿನದ್ದು ಸ್ವಲ್ಪ ಬಿಟ್ಟು ನಡುವಿನದ್ದು ಹಿಡಿಯಬೇಕು, ಡಬ್ಬಿಯ ಒಳಗೆ ಬೆರಳು ತಾಗಿಸಬಾರದು. ಇಲ್ಲದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿ ರಿಪೋರ್ಟ್ ಗೊಂದಲ ಆಗುತ್ತದೆ.

ಆಗುಂಬೆ ಹತ್ತಿರ: ಮಳೆಗಾಲದಲ್ಲಿ ಬಾಯಾರಿಕೆಯೇ ಆಗಲ್ಲ ಅಲ್ವಾ, ನೀರು ಕಮ್ಮಿ ಆಗೋದು ಅಲ್ಲೇ. ಬಸ್ಸಲ್ಲಿ ಹೋಗುವಾಗ ಬೇರೆ ಮೂತ್ರ ಕಟ್ಟಿಕೊಂಡು ಕೂರುತ್ತೇವೆ. ಒಳಬಟ್ಟೆ ಒಣಗದಿದ್ದರೆ ಬಚ್ಚಲೊಲೆ ಮೇಲೆ ಕಾಯಿಸಿಯಾದರೂ ಹಾಕಿಕೊಳ್ಳಿ.

ಹೊಸನಗರ: ಮಾತ್ರೆಗೆ ಹೆದರಬೇಡಿ. ನನಗೆ ಸೆಫಲೆಕ್ಸಿನ್ ಕೊಟ್ಟಿದ್ದರು, ಬಸುರಿಯರಿಗೆ ಬಹಳ ವರ್ಷದಿಂದ ಕೊಡುತ್ತಿರುವ ಔಷಧಿ ಅದು. ಹೆದರಬೇಕಾದ್ದು ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳೋದಕ್ಕೆ. ಸಿಪ್ರೋಫ್ಲಾಕ್ಸಾಸಿನ್ ಅನ್ನು ಬಸುರಿಯರಿಗೆ ಸಾಮಾನ್ಯವಾಗಿ ಕೊಡಲ್ಲ. ನೈಟ್ರೋಫ್ಯುರಾಂಟಾಯಿನ್ ಕೊಟ್ಟರೂ ಹೆರಿಗೆ ಹತ್ತಿರ ಬಂದಾಗ ಬೇಡ ಅನ್ನುತ್ತಾರೆ. ಎಷ್ಟು ತಿಂಗಳು ಅಂತ ನೋಡಿಯೇ ಔಷಧಿ ಬರೆಯಬೇಕು. ಉರಿ ಬೇಗ ಇಳಿಯುತ್ತದೆ, ಆದರೂ ಕೋರ್ಸ್ ಮುಗಿಸಿ. ಮುಗಿದು ಒಂದೆರಡು ವಾರಕ್ಕೆ ಇನ್ನೊಮ್ಮೆ ಕಲ್ಚರ್ ಮಾಡಿಸಿದರೆ ಪೂರ್ತಿ ಹೋಗಿದೆಯಾ ಅಂತ ಗೊತ್ತಾಗುತ್ತದೆ.

ಶಿವಮೊಗ್ಗ: ನನ್ನ ತಂಗಿಗೆ ಉರಿಯೇ ಇರಲಿಲ್ಲ. ಸೋಂಕು ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿದ್ದು. ಬಸುರಿನಲ್ಲಿ ಮೂತ್ರನಾಳ ಸಡಿಲ ಆಗಿ, ಗರ್ಭಕೋಶವೂ ಒತ್ತಿ, ಮೂತ್ರ ಒಳಗೇ ನಿಲ್ಲುತ್ತದಂತೆ. ಹಾಗಾಗಿ ಸೋಂಕು ಕಿಡ್ನಿಗೆ ಏರೋದು ಸುಲಭ. ಖರ್ಚಿನ ಚಿಂತೆ ಇದ್ದರೆ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮಗೆ ಈಗಾಗಲೇ ಉರಿ ಇದೆ, 9ರವರೆಗೆ ಕಾಯಬೇಡಿ. ಚಳಿಜ್ವರ, ಪಕ್ಕೆ ನೋವು, ವಾಂತಿ ಶುರುವಾದರೆ ಅಥವಾ ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ ರಾತ್ರಿಯೇ 108ಕ್ಕೆ ಫೋನ್ ಮಾಡಿ. ಮಳೆ ಜೋರಿದೆ, ಬೆಳಗ್ಗೆ ನೋಡೋಣ ಅಂತ ಕೂರಬೇಡಿ.