ಬಳಸುವವರಿಗೆ ಉಪಯೋಗಕ್ಕೆ ಬರುವಂಥ ಸಾಫ್ಟ್‌ವೇರ್ ಕೈಪಿಡಿ ಬರೆಯುವುದನ್ನು ಕಲಿಯುವುದು ಹೇಗೆ?

ಗದ್ದೆಬದಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ತಂಡ, ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬೆಳಿಗ್ಗೆ ಸಂಜೆ ಹಾಲು ಹಾಕಿಸಿಕೊಳ್ಳುವಾಗ ತೂಕದ ಯಂತ್ರದಿಂದ ತೂಕ, ಹಾಲು ಪರೀಕ್ಷೆ ಯಂತ್ರದಿಂದ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ನೇರ ಕಂಪ್ಯೂಟರಿಗೆ ಬರುತ್ತದೆ. ಸಾಫ್ಟ್‌ವೇರ್ ದರಪಟ್ಟಿ ನೋಡಿ ದುಡ್ಡು ಲೆಕ್ಕ ಹಾಕುತ್ತದೆ, ಬಟವಾಡೆ ದಿನ ಪಟ್ಟಿ ತೆಗೆದುಕೊಡುತ್ತದೆ.

ಇದರ ಕೈಪಿಡಿಯನ್ನು ಹೊಸದಾಗಿ ಬರೆಯುವ ಕೆಲಸ ನನಗೆ ಬಂದಿದೆ. ನಾನು ಪ್ರೋಗ್ರಾಮರ್, ಬರವಣಿಗೆ ಕಲಿತವನಲ್ಲ. ಈಗಿರುವ ಕೈಪಿಡಿ ಮೆನು ಪ್ರಕಾರ ಇದೆ: ಮಾಸ್ಟರ್, ಟ್ರಾನ್ಸಾಕ್ಷನ್, ರಿಪೋರ್ಟ್ಸ್, ಸೆಟ್ಟಿಂಗ್ಸ್. ಯಾವ ಬಟನ್ ಏನು ಮಾಡುತ್ತದೆ ಅಂತ ಒಂದನ್ನೂ ಬಿಡದೆ ಬರೆದಿದೆ. ಆದರೂ ಸಂಘದ ಕಾರ್ಯದರ್ಶಿಗಳು ಅದರಲ್ಲಿ ಇರುವ ವಿಷಯಕ್ಕೇ ದಿನಾ ಫೋನ್ ಮಾಡುತ್ತಾರೆ. ಅವರು ಓದುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ನನಗೆ ಹಾಗೆ ಅನಿಸುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಕೋರ್ಸ್ ಏನಾದರೂ ಇದೆಯಾ?

ಪದಕಾರ್ಖಾನೆ:
ನಾನು ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್. ಒಂದನ್ನೂ ಬಿಡದೆ ಬರೆದಿದೆ ಅಂದಿರಲ್ಲ, ತೊಡಕು ಅಲ್ಲೇ ಇದೆ. ಮೆನು ಪ್ರಕಾರ ಬರೆದದ್ದು ಸಾಫ್ಟ್‌ವೇರ್ ಕಟ್ಟಿದವರಿಗೆ ಅನುಕೂಲ. ಕಾರ್ಯದರ್ಶಿಯ ಮುಂದೆ ಜನ ಸಾಲು ನಿಂತಿದ್ದಾರೆ, ಒಬ್ಬರ ಹಾಲು ಇನ್ನೊಬ್ಬರ ನಂಬರಿಗೆ ಹತ್ತಿಬಿಟ್ಟಿದೆ, ಅದನ್ನು ಈಗಲೇ ಸರಿಮಾಡಬೇಕು. ಅದು ‘ಟ್ರಾನ್ಸಾಕ್ಷನ್’ ಅನ್ನುವ ಅಧ್ಯಾಯದ ಒಳಗೆ ಇದೆ ಅಂತ ಅವರು ಹೇಗೆ ಊಹಿಸುತ್ತಾರೆ?

ನಿಮಗೆ ಬರುವ ಫೋನ್ ಕರೆಗಳನ್ನು ಒಂದು ಕಡೆ ಬರೆದಿಡಿ, ಅವರ ಮಾತಿನಲ್ಲೇ. ‘ಹಾಲು ತಪ್ಪು ನಂಬರಿಗೆ ಹೋಯ್ತು’, ‘ನಿನ್ನೆ ಸಂಜೆಯದು ಕಾಣ್ತಿಲ್ಲ’, ‘ದರ ಬದಲಾಗಿದೆ, ಹಳೇದೇ ಬರ್ತಿದೆ’. ಇವನ್ನೇ ತಲೆಬರಹ ಮಾಡಿ, ತಿದ್ದಬೇಡಿ.

ಇದು ಹೊಸ ಮಾತೇನೂ ಅಲ್ಲ. 1980ರ ದಶಕದಲ್ಲಿ ಐಬಿಎಂನಲ್ಲಿ ಜಾನ್ ಕ್ಯಾರಲ್ ಎಂಬ ಸಂಶೋಧಕರು, ಕಚೇರಿ ಕೆಲಸದವರು ವರ್ಡ್ ಪ್ರೊಸೆಸರ್ ಕಲಿಯುವುದನ್ನು ಗಮನಿಸಿದರು. ಜನ ಪುಸ್ತಕವನ್ನು ಮೊದಲಿನಿಂದ ಓದುತ್ತಿರಲಿಲ್ಲ, ಅಲ್ಲೊಂದು ಇಲ್ಲೊಂದು ಪುಟ ತಿರುವಿ ನೇರ ಕೆಲಸಕ್ಕೆ ಕೈ ಹಾಕುತ್ತಿದ್ದರು. ಅದಕ್ಕೆ ಅವರ ತಂಡ ಪೀಠಿಕೆ, ಹೇಳಿದ್ದನ್ನೇ ಹೇಳುವುದು ಎಲ್ಲ ಕಿತ್ತುಹಾಕಿ ತೆಳ್ಳಗಿನ ಕೈಪಿಡಿ ಮಾಡಿತು, ತಪ್ಪಾದರೆ ಹೇಗೆ ಹೊರಬರಬೇಕು ಎನ್ನುವುದಕ್ಕೆ ಒತ್ತು ಕೊಟ್ಟಿತು. ಅದರಿಂದ ಕಲಿತವರು ದೊಡ್ಡ ಕೈಪಿಡಿ ಹಿಡಿದವರಿಗಿಂತ ಬೇಗ ಕಲಿತರು. ಜನ ಓದುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ಇನ್ನೊಂದು, ಡೇನಿಯೆಲೆ ಪ್ರೊಸಿಡಾ ಅವರ ಡಯಾಟಾಕ್ಸಿಸ್ ಎಂಬ ಕೈಪಿಡಿ ಬರವಣಿಗೆಯ ಮಾರ್ಗದರ್ಶಿ ಓದಿ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೊಸಬರಿಗೆ ಕೈಹಿಡಿದು ಕಲಿಸುವ ಪಾಠ ಬೇರೆ, ಒಂದು ಕೆಲಸ ಮುಗಿಸಲು ಬೇಕಾದ ಹೆಜ್ಜೆಗಳು ಬೇರೆ, ಬೇಕಾದಾಗ ತೆಗೆದು ನೋಡುವ ಮಾಹಿತಿ ಬೇರೆ, ಯಾಕೆ ಹೀಗೆ ಅನ್ನುವ ವಿವರಣೆ ಬೇರೆ, ಈ ನಾಲ್ಕನ್ನು ಒಂದೇ ಪುಟದಲ್ಲಿ ಕಲಸಬೇಡಿ ಅನ್ನುವುದು ಅದರ ತಿರುಳು. ಎಸ್‌ಎನ್‌ಎಫ್ ಪ್ರಕಾರ ದರ ಹೇಗೆ ಏರುತ್ತದೆ ಅನ್ನುವುದು ಒಳ್ಳೆ ವಿವರಣೆಯೇ, ಆದರೆ ‘ದರಪಟ್ಟಿ ಬದಲಿಸುವುದು ಹೇಗೆ’ ಅನ್ನುವ ಪುಟದ ನಡುವೆ ಅದು ಬಂದರೆ ಓದುವವರು ಹೆಜ್ಜೆ ತಪ್ಪುತ್ತಾರೆ.

ಕೋರ್ಸ್ ಬೇಕಿದ್ದರೆ ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಕೋರ್ಸ್ ಉಚಿತ, ಪ್ರೋಗ್ರಾಮರ್‌ಗಳಿಗೆಂದೇ ಮಾಡಿದ್ದು. 2013ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನ ಒಂದು ಸಮಾವೇಶದಿಂದ ಶುರುವಾದ ‘ರೈಟ್ ದ ಡಾಕ್ಸ್’ ಎಂಬ ಕೈಪಿಡಿ ಬರೆಯುವವರ ಬಳಗವೂ ಇದೆ, ಅಲ್ಲಿ ಹೊಸಬರಿಗೆ ಬರೆದ ಮಾರ್ಗದರ್ಶಿ ಚೆನ್ನಾಗಿದೆ.

ಹಳ್ಳಿಡೈರಿ:
ನಾನು ಸಂಘದ ಕಾರ್ಯದರ್ಶಿ. ನೀವು ಮಾಡಿದ ಸಾಫ್ಟ್‌ವೇರ್ ಅಲ್ಲ, ಬೇರೆಯದು ಬಳಸುತ್ತೇನೆ, ಆದರೆ ಕಥೆ ಒಂದೇ. ಕೈಪಿಡಿಯನ್ನು ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತಾರೆ. ಬೆಳಿಗ್ಗೆ ಆರೂವರೆಗೆ ಕೈಯೆಲ್ಲ ಹಾಲು, ಮುಂದೆ ಜನ, ಆ ಫೋನಿನಲ್ಲಿ ಅಕ್ಷರ ಹಿಗ್ಗಿಸಿಕೊಂಡು ಓದೋಕಾಗುತ್ತಾ ಹೇಳಿ.

ಒಂದು ಸಲ ನಮ್ಮಲ್ಲಿ ಟೇಬಲ್ ಒರೆಸುವಾಗ ತೂಕದ ಯಂತ್ರದ ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದ್ದರು. ಬೆಳಿಗ್ಗೆ ನೋಡಿದರೆ ತೂಕ ಬರುತ್ತಿಲ್ಲ. ಕೈಪಿಡಿಯಲ್ಲಿ ‘ಸೂಕ್ತ ಕಾಮ್ ಪೋರ್ಟ್ ಆಯ್ಕೆ ಮಾಡಿ’ ಅಂತ ಒಂದು ಸಾಲು. ಯಾವುದು ಸೂಕ್ತ, ನನಗೆ ಹೇಗೆ ಗೊತ್ತಾಗಬೇಕು? ಹಾಲಿನ ವಾಹನ ಹೊತ್ತಿಗೆ ಸರಿಯಾಗಿ ಬರುತ್ತದೆ, ನಮ್ಮ ಕಂಪ್ಯೂಟರ್ ಕೆಟ್ಟಿದೆ ಅಂತ ಕಾಯುವುದಿಲ್ಲ.

ನನ್ನ ಮಾತು ಇಷ್ಟೇ. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಆಮೇಲೆ ಹೇಳಿ. ಹಾಲು ಹಾಕಿಸಿಕೊಳ್ಳುವುದು ನಿಲ್ಲದ ಹಾಗೆ ಈಗ ಏನು ಮಾಡಬೇಕು, ಅದನ್ನು ಮೊದಲು ಬರೆಯಿರಿ. ಮತ್ತೆ ಮುಖ್ಯವಾದ ನಾಲ್ಕೈದು ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಲ್ಯಾಮಿನೇಶನ್ ಮಾಡಿಸಿ ಕೊಡಿ, ಗೋಡೆಗೆ ನೇತುಹಾಕುತ್ತೇವೆ.

ಗಿಟ್‌ಗೆಳೆಯ:
ಕೇಬಲ್ ವಿಷಯ ಎಲ್ಲರಿಗೂ ಆಗುವಂಥದ್ದು. ತೂಕದ ಯಂತ್ರಕ್ಕೆ ಹಾಕುವ ಕಡಿಮೆ ಬೆಲೆಯ ಯುಎಸ್‌ಬಿ ಕೇಬಲ್‌ಗಳಲ್ಲಿ ಸುಮಾರಕ್ಕೆ ಅವುಗಳದೇ ಸೀರಿಯಲ್ ನಂಬರ್ ಇರುವುದಿಲ್ಲ. ಹಾಗಾಗಿ ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನ ಅಂದುಕೊಂಡು ಬೇರೆ ಕಾಮ್ ಪೋರ್ಟ್ ನಂಬರ್, ಅಂದರೆ ಆ ಕೇಬಲನ್ನು ಗುರುತಿಸುವ ಬೇರೆ ನಂಬರ್, ಕೊಡುತ್ತದೆ. ಸಾಫ್ಟ್‌ವೇರ್ ಮಾತ್ರ ಹಳೆಯ ಕಾಮ್ 3 ಅನ್ನೇ ಕಾಯುತ್ತಾ ಕೂತಿರುತ್ತದೆ.

ಪದಕಾರ್ಖಾನೆಯವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಫೋನ್ ಕರೆಗಳನ್ನಷ್ಟೇ ನಂಬಿಕೊಂಡರೆ ಫೋನ್ ಮಾಡದೆ ಸುಮ್ನೆ ಒದ್ದಾಡುವವರು ತಪ್ಪಿಹೋಗುತ್ತಾರೆ. ಒಂದು ಸಂಘಕ್ಕೆ ಹೋಗಿ ಕೂರಿ. ನೀವು ಬರೆದ ಪುಟವನ್ನು ಅವರ ಕೈಗೆ ಕೊಟ್ಟು, ಒಂದು ಕೆಲಸ ಹೇಳಿ, ಆಮೇಲೆ ಬಾಯಿ ಬಿಡಬೇಡಿ. ‘ಅಲ್ಲಿ ಒತ್ತಿ ಸರ್’ ಅನ್ನಲೇಬೇಕು ಅನಿಸುತ್ತದೆ, ಅನ್ನಬೇಡಿ. ಮೌಸ್ ಎಲ್ಲಿ ನಿಂತಿತು, ಯಾವ ಸಾಲನ್ನು ಎರಡು ಸಲ ಓದಿದರು, ಯಾವ ಸಾಲನ್ನು ಹಾರಿಸಿದರು, ಅಷ್ಟನ್ನು ಬರೆದುಕೊಳ್ಳಿ. ತಿದ್ದಬೇಕಾದದ್ದು ನಿಮ್ಮ ಪುಟವನ್ನು, ಅವರನ್ನಲ್ಲ.

ಸ್ಕ್ರೀನ್‌ಶಾಟ್ ಜಾಸ್ತಿ ಹಾಕಬೇಡಿ, ಹೊಸ ಆವೃತ್ತಿ ಬಂದ ಕೂಡಲೇ ಹಳತಾಗುತ್ತವೆ. ಕೈಪಿಡಿಯನ್ನು ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತು ಹಾಕಿ ಬರೆಯುವ ಪಠ್ಯ) ಬರೆದು ಕೋಡ್ ಇರುವ ಗಿಟ್‌ನಲ್ಲೇ (ಪ್ರತಿ ಬದಲಾವಣೆಯ ದಾಖಲೆ ಇಡುವ ವ್ಯವಸ್ಥೆ) ಇಡಿ. ಬಟನ್‌ನ ಹೆಸರು ಬದಲಿಸಿದವರೇ ಅದೇ ಹೊತ್ತಿಗೆ ಕೈಪಿಡಿಯ ಸಾಲನ್ನೂ ಬದಲಿಸಬೇಕು ಅಂತ ತಂಡದಲ್ಲಿ ನಿಯಮ ಮಾಡಿಕೊಳ್ಳಿ.

ಗದ್ದೆಬದಿ:
ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೇಬಲ್ ಪುಟವನ್ನೇ ಮೊದಲು ಬರೆದೆ, ನೋಡಿ ಹೇಳಿ:

*ತೂಕ ಕಂಪ್ಯೂಟರಿನಲ್ಲಿ ಬರುತ್ತಿಲ್ಲ*
*ಜನ ಕಾಯುತ್ತಿದ್ದರೆ: ಎಫ್2 ಒತ್ತಿ. ತೂಕದ ಚೌಕ ಹಳದಿ ಆಗುತ್ತದೆ. ಯಂತ್ರದಲ್ಲಿ ಕಾಣುವ ತೂಕವನ್ನು ಟೈಪ್ ಮಾಡಿ, ಮುಂದಿನವರ ಹಾಲು ತೆಗೆದುಕೊಳ್ಳಿ.*
*ಎಲ್ಲರ ಹಾಲು ಮುಗಿದ ಮೇಲೆ: ತೂಕದ ಯಂತ್ರದ ಕೇಬಲನ್ನು ಮೊದಲು ಇದ್ದ ತೂತಿಗೇ ಹಾಕಿ. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಯಂತ್ರದ ಮೇಲೆ ಖಾಲಿ ಕ್ಯಾನ್ ಇಡಿ. ಅದರ ತೂಕ ಪರದೆಯಲ್ಲಿ ಬಂದರೆ ಸರಿಹೋಯಿತು. ಆ ತೂತಿನ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿ.*

ಪದಕಾರ್ಖಾನೆ:
ತುಂಬಾ ಚೆನ್ನಾಗಿದೆ. ಒತ್ತಿದ ಮೇಲೆ ಏನು ಕಾಣಬೇಕು ಅಂತ ಹೇಳಿದ್ದೀರಿ, ಅದು ಬಹಳ ಜನ ಬಿಟ್ಟುಬಿಡುವ ಮಾತು. ಕಾಮ್ ಪೋರ್ಟ್ ಅನ್ನುವ ಹೆಸರೇ ಬಂದಿಲ್ಲ, ಬೇಕಾಗಿಯೂ ಇಲ್ಲ. ಮೊದಲಿನ ತೂತು ಯಾವುದೆಂದು ನೆನಪಿಲ್ಲದಿದ್ದರೆ ಒಂದೊಂದಾಗಿ ಹಾಕಿ ನೋಡಿ ಅಂತ ಒಂದು ಸಾಲು ಸೇರಿಸಿ.

ಹಳ್ಳಿಡೈರಿ:
ಇದು ನನಗೆ ಅರ್ಥವಾಯಿತು. ಒಂದು ಪ್ರಶ್ನೆ. ಕೈಯಲ್ಲಿ ಟೈಪ್ ಮಾಡಿದ ತೂಕಕ್ಕೆ ಚೀಟಿಯಲ್ಲಿ ಏನಾದರೂ ಗುರುತು ಬರುತ್ತಾ? ಬರುವುದಾದರೆ ಎಫ್2 ಒತ್ತುವ ಮುಂಚೆಯೇ ಅದನ್ನು ಹೇಳಿ. ಹಾಲು ಹಾಕಿದವರು ಚೀಟಿ ನೋಡಿ ‘ಇದೇನಿದು, ನನಗೊಬ್ಬನಿಗೇ ಯಾಕೆ’ ಅಂತ ಕೇಳುತ್ತಾರೆ, ಅಲ್ಲಿ ನಿಂತು ಉತ್ತರ ಕೊಡುವವನು ನಾನು.

ಗದ್ದೆಬದಿ:
ಹೌದು ಸರ್, ತೂಕದ ಮುಂದೆ ನಕ್ಷತ್ರದ ಗುರುತು ಬರುತ್ತದೆ. ಮೊದಲ ಸಾಲಿನಲ್ಲೇ ಹಾಕುತ್ತೇನೆ. ಈ ವಾರ ಹತ್ತಿರದ ಒಂದು ಸಂಘಕ್ಕೆ ಹೋಗಿ ಕೂರಬೇಕು ಅಂತ ಇದ್ದೇನೆ, ಯಾವ ಹೊತ್ತು ಒಳ್ಳೆಯದು?

ಹಳ್ಳಿಡೈರಿ:
ಬಟವಾಡೆ ದಿನ ಬಿಟ್ಟು ಬೇರೆ ದಿನ ಹೋಗಿ, ಅವತ್ತು ಯಾರಿಗೂ ನಿಮ್ಮ ಕಡೆ ನೋಡಲು ಪುರುಸೊತ್ತು ಇರುವುದಿಲ್ಲ. ಬೆಳಗಿನ ಹಾಲಿಗೇ ಹೋಗಿ, ಬಾಗಿಲು ತೆಗೆಯುವ ಮುಂಚೆ. ಕಾರ್ಯದರ್ಶಿಗೆ ಹಿಂದಿನ ದಿನವೇ ಒಂದು ಫೋನ್ ಮಾಡಿ.