ಅಪ್‌ಡೇಟ್: ಮಕ್ಕಳು ಓದಿದ್ದನ್ನು ಮರೆಯುತ್ತಿದ್ದರು, ಈಗ ಏನಾಯ್ತು ಅಂದರೆ

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿ ಮಕ್ಕಳು ಇತಿಹಾಸದ ಪಾಠ ಚೆನ್ನಾಗಿ ಓದುತ್ತಾರೆ, ಮುಂದಿನ ವಾರ ಕೇಳಿದರೆ ಏನೂ ನೆನಪಿರಲ್ಲ, ಏನು ಮಾಡಲಿ ಅಂತ ಕೊಪ್ಪಳದಿಂದ ಈ ವೇದಿಕೆಯಲ್ಲಿ ಕೇಳಿದ್ದೆ. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ.

ಕೈ ಹಿಡಿದದ್ದು ವೇದಿಕೆಯ ನಿವೃತ್ತ ಮೇಷ್ಟ್ರೊಬ್ಬರ ಸಲಹೆ: ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟು ಬರೆಸಿ. ಸರ್, ತುಂಬಾ ಥ್ಯಾಂಕ್ಸ್. ಪಾಠ ಮುಗಿದ ಮೇಲೆ ಖಾಲಿ ಹಾಳೆ ಕೊಡುತ್ತೇನೆ. ಬರೆದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಅವರೇ ಸೇರಿಸುತ್ತಾರೆ. ಅಂಕ ಹಾಕಲ್ಲ, ಹಾಗಾಗಿ ಭಯವೂ ಇಲ್ಲ. ಅದೇ ಪಾಠದ ಪ್ರಶ್ನೆಯನ್ನು ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು ಕೇಳುತ್ತೇನೆ. ಉದಾಹರಣೆಗೆ, ಗವಿಮಠದ ಅಶೋಕನ ಶಾಸನ ನಮ್ಮೂರಲ್ಲೇ ಇದೆ. ಆದರೆ ಅವನ ಶಾಸನಗಳಲ್ಲಿ ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಇದನ್ನು ಈಗ ಹಿಂದಿನ ಬೆಂಚಿನವರೂ ಥಟ್ಟನೆ ಹೇಳುತ್ತಾರೆ!

ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಗುಂಪು ಮಾಡಿದ್ದರಿಂದ ಉಪಯೋಗ ಆಗಲಿಲ್ಲ. ಈ ವಿಂಗಡಣೆಗೆ ಸಂಶೋಧನೆಯಲ್ಲೂ ಗಟ್ಟಿ ಆಧಾರ ಇಲ್ಲ.

ನನಗೆ ಆಶ್ಚರ್ಯ ಆದದ್ದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗ ಓದಿದಾಗ. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಇಟ್ಟರೆ, ನೆನಪಿಸಿಕೊಂಡು ಬರೆದವರು ಮುಂದೆ! ಅದಕ್ಕೇ ಮೊದಲ ದಿನ ಫಲ ಕಾಣಲಿಲ್ಲ ಅಂತ ಬಿಡಬೇಡಿ.

ವೇದಿಕೆಯಲ್ಲಿ ಬಂದ ಇನ್ನೊಂದು ಸಲಹೆ, ಅಂದರೆ ಬೇರೆ ಬೇರೆ ಬಗೆಯ ಲೆಕ್ಕ ಬೆರೆಸಿ ಕೊಡುವುದನ್ನು, ನಮ್ಮ ಗಣಿತದ ಮೇಡಂಗೆ ಹೇಳಿದ್ದೇನೆ. ಅವರೂ ಶುರು ಮಾಡಿದ್ದಾರೆ.